ಗಂಟೆಯ ದಾಖಲೆ ಮತ್ತು ಪೆರ್ಜುರೆಯ ಇಳಿಜಾರು: ರೋಜೆ ರಿವಿಯೇರನ ಜೀವನದ ಒಂದು ವಿಮರ್ಶೆ

೧

೧೯೫೮ನೆಯ ಇಸವಿ ಸೆಪ್ಟೆಂಬರ್ ೨೩ರಂದು ಇಟಲಿಯ ಮಿಲಾನ್ ನಗರದ ವಿಗೊರೆಲ್ಲಿ ಎಂಬ ಸೈಕಲ್ ಓಟದ ಅಂಗಣದಲ್ಲಿ ಇಪ್ಪತ್ತೆರಡು ವರ್ಷದ ಫ್ರೆಂಚ್ ತರುಣನೊಬ್ಬನು ಸರಿಯಾಗಿ ಒಂದು ಗಂಟೆಯ ಕಾಲ ಸೈಕಲ್ ತುಳಿದು ೪೭ ಕಿಲೋಮೀಟರು ೩೪೭ ಮೀಟರು ದೂರವನ್ನು ಕ್ರಮಿಸಿದನು. ಅಂದಿನವರೆಗೆ ಯಾವ ಮನುಷ್ಯನೂ ಮಾನ್ಯವಾದ ನಿಯಮಗಳಿಗೆ ಒಳಪಟ್ಟು, ಒಬ್ಬಂಟಿಯಾಗಿ, ಒಂದು ಗಂಟೆಯಲ್ಲಿ ಅಷ್ಟು ದೂರವನ್ನು ಸಾಗಿರಲಿಲ್ಲ. ಆ ತರುಣನ ಹೆಸರು ರೋಜೆ ರಿವಿಯೇರ್.

ಈ ಅಂಕಿಯ ಅರ್ಥವು ನಮ್ಮ ವಾಚಕರಿಗೆ ಮನದಟ್ಟಾಗಬೇಕಾದರೆ ದೂರ ಹೋಗಬೇಕಾಗಿಲ್ಲ. ಬೋರಿಬಂದರಿನಿಂದ, ಎಂದರೆ ಈಗಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ, ಡೊಂಬಿವ್ಲಿಗೆ ರೈಲುದಾರಿಯಲ್ಲಿ ಸುಮಾರು ೪೮ ಕಿಲೋಮೀಟರು. ಠಾಕುರ್ಲಿಗೆ ಇನ್ನೆರಡು ಹೆಚ್ಚು. ನಿಲ್ದಾಣ ನಿಲ್ದಾಣಕ್ಕೂ ನಿಲ್ಲುವ ಲೋಕಲ್ ಗಾಡಿಯು ಈ ದೂರಕ್ಕೆ ಒಂದು ಗಂಟೆಗಿಂತ ಹೆಚ್ಚಿನ ಹೊತ್ತನ್ನು ತೆಗೆದುಕೊಳ್ಳುತ್ತದೆಂಬುದು ಪ್ರತಿದಿನವೂ ಆ ದಾರಿಯಲ್ಲಿ ನಿಂತು ಪಯಣಿಸುವವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ರಿವಿಯೇರನು ಕೇವಲ ತನ್ನ ಕಾಲುಗಳ ಬಲದಿಂದ ಅಷ್ಟು ದೂರವನ್ನು ಆ ಗಾಡಿಗಿಂತ ಮೊದಲೇ ಮುಗಿಸುತ್ತಿದ್ದನು.

ಆದರೆ ಈ ದಾಖಲೆಯಾಗಿ ಎರಡು ವರ್ಷಗಳೂ ತುಂಬುವುದಕ್ಕೆ ಮುಂಚೆ, ೧೯೬೦ನೆಯ ಜುಲೈ ೧೦ರಂದು, ಅದೇ ಮನುಷ್ಯನು ದಕ್ಷಿಣ ಫ್ರಾನ್ಸಿನ ಬೆಟ್ಟದಾರಿಯೊಂದರ ಇಳಿಜಾರಿನಲ್ಲಿ ಕಂದರಕ್ಕೆ ಉರುಳಿ, ಬೆನ್ನೆಲುಬು ಮುರಿದುಕೊಂಡು, ಮತ್ತೆಂದೂ ಸ್ಪರ್ಧೆಯ ಸೈಕಲನ್ನು ಏರದಂತಾದನು. ಉತ್ಕರ್ಷ ಮತ್ತು ಪತನಗಳೆರಡೂ ನಾಲ್ಕು ಋತುಗಳ ಒಳಗೆ ಮುಗಿದುಹೋದ ಈ ಜೀವನವನ್ನು ಫ್ರೆಂಚರು ಸಾಮಾನ್ಯವಾಗಿ ದುರ್ದೈವದ ಕಥೆಯಾಗಿ ಹೇಳುತ್ತಾರೆ. ದುರ್ದೈವವೆಂಬ ಮಾತು ಕಥೆಗಾರನಿಗೆ ಸಾಕು, ಇತಿಹಾಸಕಾರನಿಗೆ ಸಾಲದು. ದಾಖಲೆಯನ್ನು ಸಾಧ್ಯಗೊಳಿಸಿದ ಕಾರಣಗಳೇ ಪತನವನ್ನೂ ತಂದುವೆ, ಅದರ ಹೊಣೆಯು ಯಾರದು, ಮತ್ತು ಆ ಹೊಣೆಯನ್ನು ಮೊದಲು ಯಾರ ತಲೆಗೆ ಕಟ್ಟಲಾಯಿತು ಎಂಬ ಪ್ರಶ್ನೆಗಳನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ರಿವಿಯೇರನು ಹುಟ್ಟಿದ್ದು ೧೯೩೬ನೆಯ ಫೆಬ್ರವರಿ ೨೩ರಂದು, ಮಧ್ಯ ಫ್ರಾನ್ಸಿನ ಸೇಂತ್ ಎತಿಯೆನ್ ನಗರದಲ್ಲಿ. ಕಲ್ಲಿದ್ದಲು ಗಣಿ, ಬಂದೂಕು, ರೇಶಿಮೆಯ ಪಟ್ಟಿ ಇವುಗಳಿಗೆ ಹೆಸರಾದ ಆ ಊರು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಫ್ರೆಂಚ್ ಸೈಕಲ್ ಉದ್ಯಮದ ರಾಜಧಾನಿಯೂ ಆಯಿತು. ಬಂದೂಕಿನ ನಳಿಗೆಯನ್ನು ಕೊರೆಯಬಲ್ಲ ಕೈಗಳಿಗೆ ಸೈಕಲ್ಲಿನ ಉಕ್ಕಿನ ಕೊಳವೆಯನ್ನು ಜೋಡಿಸುವುದು ಕಷ್ಟವಾಗಲಿಲ್ಲ. ೧೮೮೫ರಲ್ಲಿ ಸ್ಥಾಪಿತವಾದ ಅಲ್ಲಿಯ ಪ್ರಸಿದ್ಧ ಕಾರಖಾನೆಯೊಂದು ಬಂದೂಕುಗಳ ಜೊತೆಗೆ ‘ಇರೋಂದೆಲ್’, ಅಂದರೆ ‘ಬಾನಾಡಿ’ ಎಂಬ ಹೆಸರಿನ ಸೈಕಲ್ಲುಗಳನ್ನೂ ತಯಾರಿಸಿ ಅಂಚೆಯ ಮೂಲಕ ದೇಶಾದ್ಯಂತ ಮಾರುತ್ತಿತ್ತು. ಸೈಕಲ್ಲಿಗೆ ಹಲವು ಗೇರುಗಳಿರಬೇಕೆಂದು ಜೀವಮಾನವಿಡೀ ವಾದಿಸಿದ, ‘ವೆಲೋಸಿಯೊ’ ಎಂಬ ಕಾವ್ಯನಾಮದಿಂದ ಬರೆಯುತ್ತಿದ್ದ ಪೋಲ್ ದ ವಿವಿಯೂ ನೆಲಸಿದ್ದೂ ಈ ಊರಿನಲ್ಲಿಯೇ. ಇಂಥ ಊರಿನ ಹುಡುಗನಿಗೆ ಸೈಕಲ್ ಎಂಬುದು ವಿನೋದದ ವಸ್ತುವಾಗಿರದೆ, ದುಡಿಮೆಯ ಮಾರ್ಗವಾಗಿ ಕಂಡದ್ದು ಸಹಜವೇ ಆಗಿದೆ.

ಇಲ್ಲಿ ‘ವೃತ್ತಿಪರ’ ಎಂಬ ಮಾತಿನ ಅರ್ಥವನ್ನು ವಿವರಿಸಬೇಕು. ನಮ್ಮಲ್ಲಿ ಆಟಗಾರನಿಗೆ ರೈಲ್ವೆಯಲ್ಲಿಯೋ ಬ್ಯಾಂಕಿನಲ್ಲಿಯೋ ನೌಕರಿ ಕೊಟ್ಟು, ಆಟಕ್ಕೆ ರಜೆ ಕೊಡುವ ಪದ್ಧತಿಯುಂಟು. ಆಟದ ಶಕ್ತಿ ಕುಂದಿದ ಮೇಲೆಯೂ ನೌಕರಿ ಉಳಿಯುತ್ತದೆ. ಯುರೋಪಿನ ವೃತ್ತಿಪರ ಸೈಕಲ್ ಸವಾರನಿಗೆ ಅಂಥ ಆಸರೆಯಿರಲಿಲ್ಲ. ಸೈಕಲ್ ಕಂಪೆನಿಯೊಂದು ಅವನಿಗೆ ಋತುವಿನ ಲೆಕ್ಕದಲ್ಲಿ ಸಂಬಳ ಕೊಟ್ಟು, ತನ್ನ ಹೆಸರು ಬರೆದ ಅಂಗಿಯನ್ನು ತೊಡಿಸುತ್ತಿತ್ತು. ೧೯೫೦ರ ದಶಕದಲ್ಲಿ ರಫಾಯೆಲ್ ಜೆಮಿನಿಯಾನಿ ಎಂಬ ಹಳೆಯ ಸವಾರನ ಚಾತುರ್ಯದಿಂದ ಸೈಕಲ್ಲಿಗೆ ಸಂಬಂಧವೇ ಇಲ್ಲದ ಮದ್ಯದ ಕಂಪೆನಿಯೂ ಈ ವ್ಯವಹಾರಕ್ಕೆ ಇಳಿಯಿತು. ರಿವಿಯೇರನು ವೃತ್ತಿಗೆ ಬಂದುದು ಆ ‘ಸೇಂತ್ ರಫಾಯೆಲ್’ ತಂಡದ ಮೂಲಕ. ಆದರೆ ಸಂಬಳವು ಆದಾಯದ ಒಂದು ಪಾಲು ಮಾತ್ರ. ದೊಡ್ಡ ಸ್ಪರ್ಧೆಗಳಲ್ಲಿ ಹೆಸರು ಮಾಡಿದವನನ್ನು ಬೇಸಗೆಯಲ್ಲಿ ಸಣ್ಣ ಊರುಗಳವರು ಗೊತ್ತಾದ ಹಣ ಕೊಟ್ಟು ತಮ್ಮ ಜಾತ್ರೆಯ ಓಟಗಳಿಗೆ ಕರೆಸುತ್ತಿದ್ದರು. ಈ ಕರಾರುಗಳನ್ನು ಕುದುರಿಸುವ ದಲ್ಲಾಳಿಗಳಿದ್ದರು. ಹೆಸರಿದ್ದಷ್ಟು ಕಾಲ ಕರಾರು, ಕರಾರು ಇದ್ದಷ್ಟು ಕಾಲ ಅನ್ನ. ಈ ವ್ಯವಸ್ಥೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಮುಂದಿನ ಘಟನೆಗಳನ್ನು ಅರಿಯುವುದು ಅಸಾಧ್ಯ.

೩

ಸೈಕಲ್ ಸ್ಪರ್ಧೆಯಲ್ಲಿ ಎರಡು ಪ್ರಪಂಚಗಳಿವೆ: ಅಂಗಣ ಮತ್ತು ರಸ್ತೆ. ಅಂಗಣವೆಂದರೆ ತಿರುವುಗಳಲ್ಲಿ ಓರೆಯಾಗಿ ಮೇಲೆದ್ದಿರುವ, ಹಲಗೆಯ ಅಥವಾ ಸಿಮೆಂಟಿನ ದುಂಡನೆಯ ಓಟದ ದಾರಿ. ಅಲ್ಲಿ ಬಳಸುವ ಸೈಕಲ್ಲಿಗೆ ಒಂದೇ ಗೇರು. ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗಲೇಬೇಕು. ಮತ್ತು ಅದಕ್ಕೆ ಬ್ರೇಕು ಇರುವುದಿಲ್ಲ. ಗಾಳಿ, ಮಳೆ, ಕಲ್ಲು, ಕೊರಕಲು, ಎದುರಾಳಿಯ ತಂತ್ರ ಇವುಗಳ ತೊಡಕು ಅಲ್ಲಿ ಅತ್ಯಲ್ಪ. ಮನುಷ್ಯನ ಬಲವನ್ನು ಇತರ ಕಾರಣಗಳಿಂದ ಬೇರ್ಪಡಿಸಿ ಅಳೆಯುವ ಪ್ರಯೋಗಶಾಲೆಯೆಂದು ಅದನ್ನು ಕರೆದರೆ ತಪ್ಪಾಗದು.

ರಿವಿಯೇರನು ಈ ಪ್ರಯೋಗಶಾಲೆಯ ಶಿಶು. ಇಬ್ಬರು ಸವಾರರು ಅಂಗಣದ ಎದುರುಬದುರು ಬದಿಗಳಿಂದ ಏಕಕಾಲಕ್ಕೆ ಹೊರಟು ಪರಸ್ಪರರನ್ನು ಬೆನ್ನಟ್ಟುವ ಸ್ಪರ್ಧೆಯೊಂದಿದೆ. ವೃತ್ತಿಪರರಿಗೆ ಅದರ ದೂರವು ಆಗ ಐದು ಕಿಲೋಮೀಟರು. ಈ ಸ್ಪರ್ಧೆಯಲ್ಲಿ ರಿವಿಯೇರನು ೧೯೫೭ರಲ್ಲಿ ಬೆಲ್ಜಿಯಮ್ಮಿನ ಲಿಯೇಜಿನಲ್ಲಿ, ೧೯೫೮ರಲ್ಲಿ ಪ್ಯಾರಿಸಿನಲ್ಲಿ, ೧೯೫೯ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ, ಹೀಗೆ ಮೂರು ವರ್ಷ ಎಡೆಬಿಡದೆ ಜಗತ್ತಿನ ಪ್ರಶಸ್ತಿಯನ್ನು ಗೆದ್ದನು. ಮೊದಲನೆಯದನ್ನು ಗೆದ್ದಾಗ ಅವನಿಗೆ ಇಪ್ಪತ್ತೊಂದು ವರ್ಷ.

ಆದರೆ ಅಂಗಣದ ಪರಮ ಪದವಿಯೆಂದರೆ ಗಂಟೆಯ ದಾಖಲೆ. ಅದರ ವಂಶಾವಳಿಯು ಗಮನಾರ್ಹವಾದುದು. ೧೮೯೩ನೆಯ ಮೇ ೧೧ರಂದು ಪ್ಯಾರಿಸಿನಲ್ಲಿ ೩೫.೩೨೫ ಕಿಲೋಮೀಟರು ಸಾಗಿ ಈ ದಾಖಲೆಯನ್ನು ಮೊದಲು ಅಧಿಕೃತವಾಗಿ ಸ್ಥಾಪಿಸಿದವನು ಆನ್ರಿ ದೆಗ್ರಾಂಜ್. ಹತ್ತು ವರ್ಷಗಳ ತರುವಾಯ, ೧೯೦೩ರಲ್ಲಿ, ತಾನು ಸಂಪಾದಿಸುತ್ತಿದ್ದ ಕ್ರೀಡಾಪತ್ರಿಕೆಯ ಮಾರಾಟವನ್ನು ಹೆಚ್ಚಿಸಲು ‘ತೂರ್ ದ ಫ್ರಾನ್ಸ್’ ಎಂಬ ದೇಶಪ್ರದಕ್ಷಿಣೆಯ ಸ್ಪರ್ಧೆಯನ್ನು ಆರಂಭಿಸಿದವನೂ ಇವನೇ. ಹೀಗೆ ಅಂಗಣದ ಅತಿ ಶುದ್ಧ ಪರೀಕ್ಷೆಗೂ ರಸ್ತೆಯ ಅತಿ ಸಂಕೀರ್ಣ ಪರೀಕ್ಷೆಗೂ ಮೂಲಪುರುಷನು ಒಬ್ಬನೇ ಆಗಿದ್ದಾನೆ.

ಎರಡನೆಯ ಮಹಾಯುದ್ಧದ ನಡುವೆ, ೧೯೪೨ರಲ್ಲಿ, ಇಟಲಿಯ ಫೌಸ್ತೊ ಕೊಪ್ಪಿಯು ವಿಗೊರೆಲ್ಲಿಯಲ್ಲಿ ಸ್ಥಾಪಿಸಿದ ದಾಖಲೆಯು ಹದಿನಾಲ್ಕು ವರ್ಷ ಅಚಲವಾಗಿ ನಿಂತಿತು. ೧೯೫೬ನೆಯ ಜೂನ್ ೨೯ರಂದು ಜಾಕ್ ಆಂಕ್ತೀಲನು ೪೬.೧೫೯ ಕಿಲೋಮೀಟರು ಸಾಗಿ ಅದನ್ನು ಮುರಿದನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಟಲಿಯ ಎರ್ಕೊಲೆ ಬಾಲ್ದೀನಿಯು ಅದನ್ನು ೪೬.೩೯೪ಕ್ಕೆ ಏರಿಸಿದನು. ೧೯೫೭ನೆಯ ಸೆಪ್ಟೆಂಬರ್ ೧೮ರಂದು ರಿವಿಯೇರನು ೪೬.೯೨೩ಕ್ಕೆ ಒಯ್ದನು. ಮಾರನೆಯ ವರ್ಷ ತನ್ನ ದಾಖಲೆಯನ್ನು ತಾನೇ ಮೀರಲು ಹೊರಟಾಗ ನಡುವೆ ಚಕ್ರವು ಪಂಕ್ಚರಾಗಿ ಅಮೂಲ್ಯವಾದ ಸೆಕೆಂಡುಗಳು ನಷ್ಟವಾದವು, ಹಾಗಿದ್ದೂ ೪೭.೩೪೭ ಕಿಲೋಮೀಟರು ಸಿದ್ಧಿಸಿತು. ಸುಮಾರು ನಾನೂರು ಮೀಟರು ಸುತ್ತಳತೆಯ ಆ ಹಲಗೆಯ ದಾರಿಯನ್ನು ಅರ್ಧ ನಿಮಿಷಕ್ಕೊಂದರಂತೆ ಸುಮಾರು ನೂರಿಪ್ಪತ್ತು ಸಲ ಸುತ್ತಿದಂತಾಯಿತು.

ಈ ಪರೀಕ್ಷೆಯಲ್ಲಿ ಎದುರಾಳಿಯಿಲ್ಲ. ಅನುಸರಿಸಬೇಕಾದ ಬೆನ್ನಿಲ್ಲ. ತನ್ನ ಶಕ್ತಿಯ ಮೊತ್ತವನ್ನು ಸರಿಯಾಗಿ ಅರಿತು ಅರವತ್ತು ನಿಮಿಷಗಳಿಗೆ ಸಮವಾಗಿ ಹಂಚಬಲ್ಲವನು ಮಾತ್ರ ಇಲ್ಲಿ ಗೆಲ್ಲುತ್ತಾನೆ. ಮೊದಲ ಇಪ್ಪತ್ತು ನಿಮಿಷ ದುಂದು ಮಾಡಿದವನು ಕೊನೆಯ ಇಪ್ಪತ್ತು ನಿಮಿಷ ದಿವಾಳಿಯಾಗುತ್ತಾನೆ. ರಿವಿಯೇರನ ಪ್ರತಿಭೆಯು ಈ ಹಂಚಿಕೆಯಲ್ಲಿದ್ದಿತೆಂದು ಆಗ ಎಲ್ಲರೂ ನಂಬಿದರು. ಆ ನಂಬಿಕೆಯು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲವೆಂಬುದು ಮುಂದೆ ತಿಳಿಯಿತು.

೪

ಅಂಗಣದಲ್ಲಿ ಕೀರ್ತಿಯಿದ್ದರೂ ಫ್ರಾನ್ಸಿನಲ್ಲಿ ಸವಾರನ ಬೆಲೆಯನ್ನು ಕಟ್ಟುತ್ತಿದ್ದುದು ತೂರ್ ದ ಫ್ರಾನ್ಸ್. ಆ ದೇಶದ ಸಾಮಾನ್ಯ ಜನರ ಮನಸ್ಸಿನಲ್ಲಿ ಈ ಸ್ಪರ್ಧೆಗಿರುವ ಸ್ಥಾನವನ್ನು ಪಂಢರಪುರದ ವಾರಿಗೆ ಹೋಲಿಸಬಹುದೇನೋ. ಜುಲೈ ತಿಂಗಳಲ್ಲಿ ಮೂರು ವಾರ ಅದು ಊರೂರನ್ನು ಹಾದುಹೋಗುವಾಗ ಹೊಲದವನು ಹೊಲ ಬಿಟ್ಟು, ಗಿರಣಿಯವನು ಗಿರಣಿ ಬಿಟ್ಟು ದಾರಿಯ ಬದಿಗೆ ಬಂದು ನಿಲ್ಲುತ್ತಾನೆ.

ರಿವಿಯೇರನು ಇದರಲ್ಲಿ ಭಾಗವಹಿಸಿದ್ದು ಎರಡೇ ಸಲ. ಅಂದಿನ ನಿಯಮದಂತೆ, ವರ್ಷವಿಡೀ ಕಂಪೆನಿಗಳ ಅಂಗಿ ತೊಟ್ಟು ಸ್ಪರ್ಧಿಸುತ್ತಿದ್ದವರು ತೂರ್‌ನಲ್ಲಿ ಮಾತ್ರ ದೇಶಗಳ ಮತ್ತು ಪ್ರಾಂತಗಳ ತಂಡಗಳಾಗಿ ವಿಂಗಡವಾಗುತ್ತಿದ್ದರು. ಹನ್ನೊಂದು ತಿಂಗಳು ಪರಸ್ಪರ ವೈರಿಗಳಾಗಿದ್ದವರು ಒಂದು ತಿಂಗಳು ಬಂಧುಗಳಾಗಬೇಕಾಗಿತ್ತು. ಈ ಬಂಧುತ್ವವು ಎಷ್ಟು ಟೊಳ್ಳೆಂಬುದನ್ನು ೧೯೫೯ನೆಯ ತೂರ್ ತೋರಿಸಿತು. ಮಾರ್ಸೆಲ್ ಬಿದೊ ಎಂಬವನ ನಾಯಕತ್ವದ ಫ್ರೆಂಚ್ ತಂಡದಲ್ಲಿ ಆಂಕ್ತೀಲ್, ರಿವಿಯೇರ್, ಲೂಯಿಸಾನ್ ಬೊಬೆ, ಜೆಮಿನಿಯಾನಿ ಈ ನಾಲ್ವರೂ ಇದ್ದರು. ಅಷ್ಟು ಬಲವಾದ ತಂಡವನ್ನು ಫ್ರಾನ್ಸ್ ಹಿಂದೆ ಕಂಡುದು ಅಪರೂಪ. ಆದರೂ ಗೆದ್ದವನು ಸ್ಪೇನಿನ ಫೆದೆರಿಕೊ ಬಾಹಮೊಂತೆಸ್. ಎರಡನೆಯವನು ಪ್ರಾಂತೀಯ ತಂಡವೊಂದರ ಫ್ರೆಂಚ್ ಸವಾರ ಆನ್ರಿ ಆಂಗ್ಲಾದ್, ನಾಲ್ಕು ನಿಮಿಷ ಒಂದು ಸೆಕೆಂಡು ಹಿಂದೆ. ಆಂಕ್ತೀಲನು ಮೂರನೆಯವನು, ರಿವಿಯೇರನು ನಾಲ್ಕನೆಯವನು.

ಸ್ವದೇಶದ ಆಂಗ್ಲಾದನು ಗೆಲ್ಲುವುದಕ್ಕಿಂತ ಪರದೇಶದ ಬಾಹಮೊಂತೆಸನು ಗೆಲ್ಲುವುದೇ ಲೇಸೆಂದು ಆಂಕ್ತೀಲ್ ಮತ್ತು ರಿವಿಯೇರರು ಎಣಿಸಿದರೆಂದೂ, ಆಂಗ್ಲಾದನು ಪ್ರತಿಸ್ಪರ್ಧಿ ದಲ್ಲಾಳಿಯ ಕಡೆಯವನಾಗಿದ್ದುದೇ ಇದಕ್ಕೆ ಕಾರಣವೆಂದೂ ಸೈಕಲ್ ಸ್ಪರ್ಧೆಯ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಹೇಳುತ್ತಾರೆ. ಪ್ಯಾರಿಸಿನ ಜನರು ಮುಕ್ತಾಯದ ದಿನ ತಮ್ಮ ವೀರರನ್ನೇ ಕೂಗಿ ಹಳಿದರು. ರಿವಿಯೇರನು ಒಬ್ಬಂಟಿಯಾಗಿ ಗಡಿಯಾರದ ಎದುರು ಓಡುವ ಎರಡು ಹಂತಗಳನ್ನು ಗೆದ್ದಿದ್ದನು. ಅಂಗಣದ ವಿದ್ಯೆಯು ರಸ್ತೆಯಲ್ಲಿ ನೇರವಾಗಿ ಉಪಯೋಗಕ್ಕೆ ಬರುವುದು ಅಂಥ ಹಂತಗಳಲ್ಲಿಯೇ. ಉಳಿದ ದಿನಗಳಲ್ಲಿ ಬೇಕಾದುದು ಬೇರೆಯವರ ಶಕ್ತಿಯ ಅಂದಾಜು, ಮೈತ್ರಿಯ ಎಚ್ಚರ, ಬೆಟ್ಟದ ಪರಿಚಯ. ಇವು ಅವನಿಗೆ ಇನ್ನೂ ಕರಗತವಾಗಿರಲಿಲ್ಲ.

೫

೧೯೬೦ರ ತೂರ್‌ಗೆ ಆಂಕ್ತೀಲನು ಬರಲಿಲ್ಲ. ಆ ವರ್ಷ ಇಟಲಿಯ ಪ್ರದಕ್ಷಿಣೆಯನ್ನು ಗೆದ್ದ ಮೊದಲ ಫ್ರೆಂಚನೆಂಬ ಕೀರ್ತಿಯನ್ನು ಆಗಲೇ ಪಡೆದಿದ್ದ ಅವನು ವಿಶ್ರಾಂತಿಯನ್ನು ಬಯಸಿದನು. ಇಟಲಿಯಲ್ಲಿ ಅವನಿಗಿಂತ ಕೇವಲ ಇಪ್ಪತ್ತೆಂಟು ಸೆಕೆಂಡು ಹಿಂದುಳಿದಿದ್ದ ಗಾಸ್ತೊನೆ ನೆನ್ಚೀನಿಯು ತೂರ್‌ಗೆ ಬಂದನು. ಫ್ರೆಂಚರ ಆಶೆಯೆಲ್ಲವೂ ರಿವಿಯೇರನ ಮೇಲೆ ನೆಟ್ಟಿತು. ಮೊದಲ ದಿನವೇ ಬ್ರಸೆಲ್ಸಿನಲ್ಲಿ ಗಡಿಯಾರದ ಎದುರಿನ ಓಟವನ್ನು ಅವನು ಗೆದ್ದನು.

ಆರನೆಯ ಹಂತದಲ್ಲಿ, ಬ್ರಿತಾನಿ ಪ್ರಾಂತದ ಸೇಂತ್ ಮಾಲೊ ಊರಿನಿಂದ ಲೊರಿಯಾಂವರೆಗಿನ ದಾರಿಯಲ್ಲಿ, ಸ್ಪರ್ಧೆಯ ಗತಿಯನ್ನು ಬದಲಿಸಿದ ಘಟನೆ ನಡೆಯಿತು. ಆ ದಿನ ಅಗ್ರಸ್ಥಾನದ ಹಳದಿ ಅಂಗಿಯು ಆಂಗ್ಲಾದನ ಮೈಮೇಲಿತ್ತು. ಈ ಸಲ ಅವನು ರಿವಿಯೇರನ ತಂಡದವನೇ. ಹಾಗಿದ್ದೂ ರಿವಿಯೇರನು ಮುಂದಕ್ಕೆ ನುಗ್ಗಿದನು. ಅವನ ಜೊತೆಗೆ ಹೋದವರು ಮೂವರೇ: ನೆನ್ಚೀನಿ, ಬೆಲ್ಜಿಯಮ್ಮಿನ ಆದ್ರಿಯಾನ್ಸೆನ್ಸ್, ಜರ್ಮನಿಯ ಯುಂಕರ್‌ಮಾನ್. ಸ್ವಂತ ನಾಯಕನನ್ನು ಹಿಂದೆ ಬಿಟ್ಟು ಪರದೇಶದ ಪ್ರಬಲರನ್ನು ಜೊತೆಗೆ ಒಯ್ಯುತ್ತಿದ್ದ ಈ ಓಟವನ್ನು ತಡೆಯಬೇಕೆಂದು ಆಂಗ್ಲಾದನು ಬಿದೊನನ್ನು ಬೇಡಿದನು. ರಿವಿಯೇರನು ನಿಲ್ಲಲಿಲ್ಲ. ನಾಲ್ವರೂ ಉಳಿದವರಿಗಿಂತ ಹದಿನಾಲ್ಕು ನಿಮಿಷಗಳಿಗೂ ಮಿಕ್ಕಿ ಮುಂಚಿತವಾಗಿ ಲೊರಿಯಾಂ ಸೇರಿದರು. ಹಂತವು ರಿವಿಯೇರನದಾಯಿತು, ಆದರೆ ಆಂಗ್ಲಾದನ ಆಶೆ ಮುಗಿಯಿತು, ನೆನ್ಚೀನಿಯ ಆಶೆ ಚಿಗುರಿತು. ಇಳಿಜಾರಿನಲ್ಲಿ ನೆನ್ಚೀನಿಯನ್ನು ಅನುಸರಿಸಹೋಗಿ ರಿವಿಯೇರನು ಬೀಳುವನೆಂದು ಆಂಗ್ಲಾದನು ಆಗಲೇ ನುಡಿದನೆಂದು ಹೇಳುವುದುಂಟು. ಅನಾಹುತವಾದ ಮೇಲೆ ನೆನಪಾಗುವ ಇಂಥ ಭವಿಷ್ಯವಾಣಿಗಳನ್ನು ಎಚ್ಚರದಿಂದ ಸ್ವೀಕರಿಸಬೇಕು. ಆದರೆ ನೆನ್ಚೀನಿಯು ಇಳಿಜಾರಿನಲ್ಲಿ ತನ್ನ ಕಾಲದ ಅಗ್ರಗಣ್ಯನೆಂಬುದು ಎಲ್ಲರಿಗೂ ಗೊತ್ತಿದ್ದ ವಿಷಯವೇ ಆಗಿತ್ತು.

ಹತ್ತನೆಯ ಹಂತದಲ್ಲಿ, ಪಿರೆನೀಸ್ ಪರ್ವತಗಳನ್ನು ಹೊಕ್ಕ ದಿನ, ರಿವಿಯೇರನು ಪೋ ನಗರದಲ್ಲಿ ಮತ್ತೆ ಗೆದ್ದನು. ಹಳದಿ ಅಂಗಿಯು ನೆನ್ಚೀನಿಗೆ ಬಂದಿತು. ಹದಿನಾಲ್ಕನೆಯ ಹಂತದ ಬೆಳಗ್ಗೆ ಇಬ್ಬರ ನಡುವಿನ ಅಂತರ ಒಂದು ನಿಮಿಷ ಮೂವತ್ತೆಂಟು ಸೆಕೆಂಡು.

ಈ ಅಂತರದ ಲೆಕ್ಕವನ್ನು ಸ್ವಲ್ಪ ವಿಚಾರಿಸುವುದು ಅವಶ್ಯ. ಸ್ಪರ್ಧೆಯ ಕೊನೆಯ ಭಾಗದಲ್ಲಿ, ಪೊಂತಾರ್ಲಿಯೆಯಿಂದ ಬೆಸಾಂಸೋವರೆಗೆ, ಗಡಿಯಾರದ ಎದುರಿನ ೮೩ ಕಿಲೋಮೀಟರುಗಳ ದೀರ್ಘವಾದ ಏಕಾಕಿ ಓಟವೊಂದು ಉಳಿದಿತ್ತು. ತೊಂಬತ್ತೆಂಟು ಸೆಕೆಂಡುಗಳನ್ನು ಎಂಬತ್ತಮೂರು ಕಿಲೋಮೀಟರುಗಳಿಗೆ ಹಂಚಿದರೆ ಕಿಲೋಮೀಟರಿಗೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು. ಗಂಟೆಯ ದಾಖಲೆಯ ಒಡೆಯನಿಗೆ ಇದು ಸಾಧ್ಯವೆಂದು ಅವನೂ ನಂಬಿದ್ದನು, ಅವನ ವಿರೋಧಿಗಳೂ ನಂಬಿದ್ದರು. ಆದುದರಿಂದ ಅವನು ಮಾಡಬೇಕಾಗಿದ್ದುದು ಇಷ್ಟೇ: ಅಲ್ಲಿಯವರೆಗಿನ ಬೆಟ್ಟಗಳಲ್ಲಿ ಇನ್ನಷ್ಟು ಕಳೆದುಕೊಳ್ಳದಿರುವುದು. ಕಳೆದುಕೊಳ್ಳದಿರಬೇಕಾದರೆ ನೆನ್ಚೀನಿಯ ಹಿಂದಿನ ಚಕ್ರವನ್ನು ಏರಿನಲ್ಲಿಯೂ ಇಳಿತದಲ್ಲಿಯೂ ಬಿಡಬಾರದು. ಕಾಗದದ ಮೇಲೆ ಈ ಲೆಕ್ಕದಲ್ಲಿ ದೋಷವಿಲ್ಲ. ಆದರೆ ಇಳಿಜಾರಿನ ಒಂದು ತಿರುವಿನಲ್ಲಿ ಹತ್ತು ಸೆಕೆಂಡು ಬಿಟ್ಟುಕೊಡುವುದರ ಬೆಲೆಯನ್ನು ಅದು ಅತಿಯಾಗಿ ಕಟ್ಟಿತು. ಬಿಟ್ಟುಕೊಡದಿರುವುದರ ಬೆಲೆಯನ್ನು ಕಟ್ಟಲೇ ಇಲ್ಲ.

ಮುಂಬಯಿ–ಪುಣೆ ಸೈಕಲ್ ಸ್ಪರ್ಧೆಯನ್ನು ಕಂಡವರಿಗೆ, ಬೋರಘಾಟವನ್ನು ಮೊದಲು ಹತ್ತಿದವನಿಗೆ ‘ಘಾಟದ ರಾಜ’ನೆಂಬ ಬಿರುದು ಸಲ್ಲುವುದು ತಿಳಿದೇ ಇದೆ. ತೂರ್‌ನಲ್ಲಿಯೂ ಶಿಖರವನ್ನು ಮೊದಲು ಮುಟ್ಟಿದವನಿಗೆ ಅಂಕಗಳುಂಟು. ಇಳಿಯುವವನಿಗೆ ಬಿರುದೂ ಇಲ್ಲ, ಅಂಕವೂ ಇಲ್ಲ. ಆದರೆ ಖಂಡಾಳದಿಂದ ಖೋಪೋಲಿಗೆ ಇಳಿಯುವ ಹಳೆಯ ದಾರಿಯ ತಿರುವುಗಳನ್ನು ಸೈಕಲ್ಲಿನ ಮೇಲೆ ಕುಳಿತು ನೋಡಿದವನಿಗೆ, ಏರುವುದಕ್ಕೆ ಬೇಕಾದುದು ಬಲವೆಂದೂ ಇಳಿಯುವುದಕ್ಕೆ ಬೇಕಾದುದು ವಿವೇಕವೆಂದೂ ಬೇರೆ ಯಾರೂ ಹೇಳಬೇಕಾಗಿಲ್ಲ.

೬

ಜುಲೈ ೧೦ರಂದು ಸ್ಪರ್ಧೆಯು ಮಿಯೋ ಊರಿನಿಂದ ಅವಿನ್ಯೋಂಗೆ ಸಾಗಬೇಕಾಗಿತ್ತು. ದಾರಿಯಲ್ಲಿ ಸೆವೆನ್ ಬೆಟ್ಟಗಳ ಸೀಮೆ; ಅಲ್ಲಿ ಸಾವಿರ ಮೀಟರು ಎತ್ತರವನ್ನು ತುಸುವೇ ಮೀರಿದ ಪೆರ್ಜುರೆ ಎಂಬ ಕಣಿವೆದಾರಿ. ಆಲ್ಪ್ಸ್, ಪಿರೆನೀಸ್‌ಗಳ ಎದುರಿನಲ್ಲಿ ಅದು ಗಣನೆಗೆ ಬಾರದ ದಿಬ್ಬ. ನೆತ್ತಿಯನ್ನು ದಾಟಿದ ಕೂಡಲೇ ನೆನ್ಚೀನಿಯು ತನ್ನ ಅಭ್ಯಾಸದಂತೆ ವೇಗವಾಗಿ ಇಳಿಯತೊಡಗಿದನು. ರಿವಿಯೇರನು ಬೆನ್ನು ಬಿಡಲಿಲ್ಲ. ತಿರುವೊಂದರಲ್ಲಿ ಅವನ ಸೈಕಲ್ ದಾರಿಯ ಅಂಚಿನ ತಗ್ಗುಗೋಡೆಗೆ ಬಡಿದು, ಅವನು ಅದರ ಮೇಲಿನಿಂದ ಕಂದರಕ್ಕೆ ಎಸೆಯಲ್ಪಟ್ಟನು. ಅವನು ಬಿದ್ದುದನ್ನು ಕಂಡವನು ಅವನ ತಂಡದ ಲೂಯಿ ರೊಸ್ತೊಲಾಂ. ಆತನು ನಿಂತು ಕೂಗಿ ಕೈಬೀಸದಿದ್ದರೆ, ಗಿಡಗಂಟಿಗಳ ನಡುವೆ ಅಲುಗಾಡದೆ ಬಿದ್ದಿದ್ದ ರಿವಿಯೇರನನ್ನು ಹುಡುಕುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಅವನನ್ನು ಹೆಲಿಕಾಪ್ಟರಿನಲ್ಲಿ ಮೊಂಪೆಲಿಯೆಯ ಆಸ್ಪತ್ರೆಗೆ ಸಾಗಿಸಿದರು. ಬೆನ್ನೆಲುಬಿನ ಎರಡು ಮಣಿಗಳು ಮುರಿದಿದ್ದುವು.

ಸ್ಪರ್ಧೆ ಮುಂದುವರಿಯಿತು. ಆರು ದಿನಗಳ ತರುವಾಯ, ರಾಷ್ಟ್ರಾಧ್ಯಕ್ಷ ದ ಗೋಲರು ತಮ್ಮ ಸ್ವಂತ ಊರಾದ ಕೊಲೊಂಬೆಯಲ್ಲಿ ದಾರಿಯ ಬದಿಗೆ ಬಂದು ನಿಂತಾಗ ಸವಾರರು ನಿಂತು ಗೌರವ ಸಲ್ಲಿಸಿದರು. ಮಾರನೆಯ ದಿನ ಪ್ಯಾರಿಸಿನಲ್ಲಿ ನೆನ್ಚೀನಿಯು ವಿಜಯಿಯಾದನು.

ಈಗ ಹೊಣೆಯ ಪ್ರಶ್ನೆ. ಆಸ್ಪತ್ರೆಯ ಹಾಸಿಗೆಯಿಂದ ರಿವಿಯೇರನು ಮೊದಲು ಹೇಳಿದ ಕಾರಣ ಬ್ರೇಕು. ಬ್ರೇಕುಗಳು ಹಿಡಿಯಲಿಲ್ಲವೆಂದರೆ ತಪ್ಪು ಅವನ್ನು ಸಜ್ಜುಗೊಳಿಸಿದ ತಂಡದ ಮೆಕ್ಯಾನಿಕನದು. ಈ ಆರೋಪದ ತೂಕವನ್ನು ಅಳೆಯಬೇಕು. ಸವಾರನು ಬಿದ್ದರೂ ಅವನ ಹೆಸರು ಉಳಿಯುತ್ತದೆ. ರಾತ್ರಿಯೆಲ್ಲ ದೀಪದ ಕೆಳಗೆ ಕುಳಿತು ಹತ್ತಾರು ಸೈಕಲ್ಲುಗಳ ತಂತಿ, ಸರಪಳಿ, ಚಕ್ರಗಳನ್ನು ಸರಿಮಾಡುವ ಕೆಲಸಗಾರನಿಗೆ ಇರುವ ಆಸ್ತಿಯೆಂದರೆ ಅವನ ಕೈಗಳ ಮೇಲೆ ಇತರರಿಗಿರುವ ವಿಶ್ವಾಸ ಮಾತ್ರ. ದೇಶದ ಆರಾಧ್ಯ ಸವಾರನನ್ನು ಕುಂಟನನ್ನಾಗಿ ಮಾಡಿದವನೆಂಬ ಮಾತು ಒಮ್ಮೆ ಅಂಟಿಕೊಂಡರೆ ಅಂಥವನಿಗೆ ಬೇರೆ ಅನ್ನವಿಲ್ಲ. ಮೆಕ್ಯಾನಿಕನು ಆರೋಪವನ್ನು ಉಗ್ರವಾಗಿ ಅಲ್ಲಗಳೆದುದರಲ್ಲಿ ಆಶ್ಚರ್ಯವಿಲ್ಲ.

ಬ್ರೇಕಿನ ಮಾತು ನಿಲ್ಲಲಿಲ್ಲ. ರಿವಿಯೇರನಲ್ಲಿ ‘ಪಾಲ್ಫಿಯಂ’ ಎಂಬ ಮದ್ದು ಸಿಕ್ಕಿತು. ಅದು ಅಫೀಮಿನ ವರ್ಗಕ್ಕೆ ಸೇರಿದ, ಅತ್ಯಂತ ತೀಕ್ಷ್ಣವಾದ ನೋವುನಿವಾರಕ. ನೋವನ್ನು ಮರೆಯಿಸುವ ಅದೇ ಶಕ್ತಿಯು ಬೆರಳುಗಳ ಅರಿವನ್ನೂ ಮನಸ್ಸಿನ ಚುರುಕನ್ನೂ ಮಂದಗೊಳಿಸುತ್ತದೆ; ಬ್ರೇಕಿನ ಹಿಡಿಯನ್ನು ಬೇಕಾದಷ್ಟು ಬಲವಾಗಿ, ಬೇಕಾದ ಕ್ಷಣದಲ್ಲಿ ಅವನು ಅದುಮದೆ ಹೋದುದಕ್ಕೆ ಇದೇ ಕಾರಣವಾಗಿರಬೇಕೆಂಬುದು ಅಂದಿನಿಂದ ಬಲವಾಗಿ ನೆಲೆಯೂರಿದ ಅಭಿಪ್ರಾಯ. ಮುಂದೆ ರಿವಿಯೇರನೇ ತಾನು ಮದ್ದುಗಳಿಗೆ ದಾಸನಾಗಿದ್ದೆನೆಂದು ಬಹಿರಂಗವಾಗಿ ಒಪ್ಪಿಕೊಂಡನು. ಅಷ್ಟೇ ಅಲ್ಲ, ೧೯೫೮ರ ಗಂಟೆಯ ದಾಖಲೆಗೆ ಹೊರಡುವ ಮುನ್ನ ಉತ್ತೇಜಕ ಮದ್ದಿನ ಚುಚ್ಚುಮದ್ದನ್ನು ಹಾಕಿಸಿಕೊಂಡುದನ್ನೂ, ಅದರ ಪರಿಣಾಮವು ಗಂಟೆ ತುಂಬುವವರೆಗೆ ಉಳಿಯಲಾರದೆಂದು ಓಟದ ನಡುವೆ ಮಾತ್ರೆಗಳನ್ನು ನುಂಗಿದುದನ್ನೂ ಹೇಳಿದನು.

ಹೀಗೆ ಮೊದಲ ಹೇಳಿಕೆಯಿಂದ ನಿರಪರಾಧಿಯೊಬ್ಬನ ಮೇಲೆ ಬಿದ್ದ ಕಳಂಕವನ್ನು ಎರಡನೆಯ ಹೇಳಿಕೆಯು ತೊಡೆಯಿತು. ತನ್ನ ಅತ್ಯುನ್ನತ ಸಾಧನೆಗೆ ತಾನೇ ಮಸಿ ಬಳಿದುಕೊಳ್ಳುವಂಥ ಮಾತನ್ನು ಯಾರೂ ಸ್ವಾರ್ಥಕ್ಕಾಗಿ ಆಡುವುದಿಲ್ಲ. ಆದುದರಿಂದ ಪ್ರಮಾಣದ ದೃಷ್ಟಿಯಿಂದ ಎರಡನೆಯದಕ್ಕೆ ಹೆಚ್ಚಿನ ಬೆಲೆಯುಂಟು. ನೀತಿಯ ದೃಷ್ಟಿಯಿಂದಲೂ ಅದನ್ನು ರಿವಿಯೇರನ ಪಾಲಿಗೆ ಜಮೆ ಮಾಡಬೇಕು.

೭

ಹಾಗಾದರೆ ರಿವಿಯೇರನು ಮೋಸಗಾರನೆ? ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಕಾಲದ ನಿಯಮಗಳನ್ನು ನೋಡಬೇಕು. ಕ್ರೀಡೆಯಲ್ಲಿ ಉತ್ತೇಜಕಗಳ ಬಳಕೆಯನ್ನು ಅಪರಾಧವೆಂದು ಸಾರಿದ ಫ್ರೆಂಚ್ ಕಾನೂನು ಬಂದುದು ೧೯೬೫ನೆಯ ಜೂನ್ ೧ರಂದು. ತೂರ್‌ನಲ್ಲಿ ಸವಾರರ ಪರೀಕ್ಷೆ ಮೊದಲಾದುದು ೧೯೬೬ರಲ್ಲಿ. ೧೯೫೮ರಲ್ಲಿ ರಿವಿಯೇರನು ಮುರಿಯಬಹುದಾದ ಇಂಥ ಕಾನೂನು ಇರಲಿಲ್ಲ. ಅವನಿಗಿಂತ ಹಿಂದಿನ ಕೊಪ್ಪಿಯಾಗಲಿ, ಸಮಕಾಲೀನನಾದ ಆಂಕ್ತೀಲನಾಗಲಿ ತಾವು ಇಂಥ ಮದ್ದುಗಳನ್ನು ಮುಟ್ಟಿದವರಲ್ಲವೆಂದು ಹೇಳಿಕೊಳ್ಳಲಿಲ್ಲ. ನೀರು ಕುಡಿದುಕೊಂಡು ಈ ವೃತ್ತಿಯನ್ನು ನಡೆಸಲಾಗದೆಂಬ ಅರ್ಥದ ಮಾತುಗಳನ್ನು ಆಂಕ್ತೀಲನು ಬಹಿರಂಗವಾಗಿಯೇ ಆಡುತ್ತಿದ್ದನು. ನಿಯಮವಿಲ್ಲದಲ್ಲಿ ನಿಯಮಭಂಗವಿಲ್ಲವೆಂದು ವಕೀಲನು ವಾದಿಸಬಹುದು.

ಆದರೆ ಎಚ್ಚರಿಕೆಯ ಗಂಟೆ ಬಾರಿಸಿರಲಿಲ್ಲವೆನ್ನುವಂತಿಲ್ಲ. ೧೯೫೫ರಲ್ಲಿಯೇ 'ವೆಂತೂ' ಪರ್ವತದ ಏರಿನಲ್ಲಿ ಮಾಲೆಜಾಕ್ ಎಂಬ ಸವಾರನು ಪ್ರಜ್ಞೆ ತಪ್ಪಿ ಬಿದ್ದು ಸಾವಿನ ಬಾಗಿಲಿನವರೆಗೆ ಹೋಗಿ ಬಂದಿದ್ದನು. ತೂರ್‌ನ ವೈದ್ಯರಾಗಿದ್ದ ಪಿಯೇರ್ ದ್ಯೂಮಾ ಅವರು ಈ ಮದ್ದುಗಳ ವಿರುದ್ಧ ದನಿಯೆತ್ತಿದ್ದರು. ಪೆರ್ಜುರೆಯ ಘಟನೆಯ ಮುಂದಿನ ತಿಂಗಳೇ ರೋಮ್ ಒಲಿಂಪಿಕ್ಸಿನಲ್ಲಿ ಡೆನ್ಮಾರ್ಕಿನ ಸೈಕಲ್ ಸವಾರನೊಬ್ಬನು ಸತ್ತಾಗ ಮದ್ದಿನ ಸಂಶಯವೆದ್ದಿತು. ಬಿಸಿಲಿನ ಹೊಡೆತವೇ ಕಾರಣವೆಂದು ವಾದಿಸಿದವರೂ ಉಂಟು. ೧೯೬೭ನೆಯ ಜುಲೈ ೧೩ರಂದು ಅದೇ ವೆಂತೂ ಪರ್ವತದಲ್ಲಿ ಇಂಗ್ಲೆಂಡಿನ ಟಾಮ್ ಸಿಂಪ್ಸನ್ ಪ್ರಾಣ ಬಿಟ್ಟನು. ಅವನ ದೇಹದಲ್ಲಿ ಉತ್ತೇಜಕವಿದ್ದುದು ಪರೀಕ್ಷೆಯಿಂದ ಸ್ಥಿರವಾಯಿತು. ಕಂಪೆನಿಗಳಿಗೆ ಹೆಸರು ಬೇಕಾಗಿತ್ತು, ಪತ್ರಿಕೆಗಳಿಗೆ ಮಾರಾಟ ಬೇಕಾಗಿತ್ತು, ದಲ್ಲಾಳಿಗಳಿಗೆ ಕರಾರು ಬೇಕಾಗಿತ್ತು. ಸವಾರನ ಒಡಲು ಇವೆಲ್ಲವಕ್ಕೂ ಅಡಮಾನವಾಗಿತ್ತು. ಮದ್ದು ಶಕ್ತಿಯನ್ನು ಉತ್ಪಾದಿಸುವುದಿಲ್ಲ. ನಾಳೆಯ ಶಕ್ತಿಯನ್ನು ಇಂದಿಗೆ ಸಾಲವಾಗಿ ತಂದುಕೊಡುತ್ತದೆ. ವಿಗೊರೆಲ್ಲಿಯಲ್ಲಿ ತಿರುವುಗಳೆಲ್ಲ ಒಂದೇ ಸಮ, ಬ್ರೇಕು ಬೇಕಾಗಿಲ್ಲ, ಮುಂದೆ ಕಂದರವಿಲ್ಲ. ಅಲ್ಲಿ ಆ ಸಾಲದ ಬಡ್ಡಿಯನ್ನು ಯಾರೂ ಕೇಳಲಿಲ್ಲ. ಪೆರ್ಜುರೆಯಲ್ಲಿ ಅಸಲೂ ಬಡ್ಡಿಯೂ ಒಟ್ಟಿಗೆ ವಸೂಲಾದುವು.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನೂರಕ್ಕೆ ಎಂಬತ್ತು ಭಾಗ ಅಂಗವಿಕಲನೆಂದು ನಿರ್ಧರಿಸಲ್ಪಟ್ಟ ರಿವಿಯೇರನು ತನ್ನ ಊರಿಗೆ ಮರಳಿ ಉಪಾಹಾರಗೃಹವೊಂದನ್ನು ತೆರೆದನು. ಅದಕ್ಕೆ ಅವನು ಇಟ್ಟ ಹೆಸರು ‘ವಿಗೊರೆಲ್ಲಿ’. ಅದು ಬಾಳಲಿಲ್ಲ, ತರುವಾಯ ಕೈಹಾಕಿದ ವ್ಯಾಪಾರಗಳೂ ಏಳಿಗೆ ಹೊಂದಲಿಲ್ಲ. ಬೆನ್ನಿನ ನೋವಿಗೆ ಮತ್ತೆ ಅದೇ ಜಾತಿಯ ಮದ್ದುಗಳೇ ಆಸರೆಯಾದುವು. ೧೯೭೬ನೆಯ ಏಪ್ರಿಲ್ ೧ರಂದು, ನಲವತ್ತನೆಯ ವಯಸ್ಸಿನಲ್ಲಿ, ಗಂಟಲಿನ ಕ್ಯಾನ್ಸರಿನಿಂದ ಅವನು ತೀರಿಕೊಂಡನು. ಪೆರ್ಜುರೆಯಲ್ಲಿ ಅವನು ಬಿದ್ದ ಜಾಗದ ಹತ್ತಿರ ಸ್ಮಾರಕಶಿಲೆಯೊಂದಿದೆ.

ಅವನ ದಾಖಲೆಯು ಅವನ ಕಾಲುಗಳಿಗಿಂತ ಹೆಚ್ಚು ಕಾಲ ನಿಂತಿತು. ೧೯೬೭ನೆಯ ಸೆಪ್ಟೆಂಬರ್ ೨೭ರಂದು ಆಂಕ್ತೀಲನು ವಿಗೊರೆಲ್ಲಿಯಲ್ಲಿ ೪೭.೪೯೩ ಕಿಲೋಮೀಟರು ಸಾಗಿ ಅದನ್ನು ಮೀರಿದನು. ಆದರೆ ಅಷ್ಟು ಹೊತ್ತಿಗೆ ಕಾಲ ಬದಲಾಗಿತ್ತು. ಓಟದ ತರುವಾಯ ಅಂಗಣದಲ್ಲಿಯೇ ಪರೀಕ್ಷೆಗೆ ಮೂತ್ರವನ್ನು ಕೊಡಲು ಆಂಕ್ತೀಲನು ನಿರಾಕರಿಸಿದನಾಗಿ ಅವನ ದಾಖಲೆಯನ್ನು ಮಾನ್ಯಮಾಡಲಿಲ್ಲ. ಒಂದು ತಿಂಗಳ ಬಳಿಕ, ಅಕ್ಟೋಬರ್ ೩೦ರಂದು, ಬೆಲ್ಜಿಯಮ್ಮಿನ ಫೆರ್ದಿನಾಂದ್ ಬ್ರಾಕೆಯು ರೋಮಿನಲ್ಲಿ ೪೮.೦೯೩ ಕಿಲೋಮೀಟರು ಸಾಗಿದ ಮೇಲೆಯೇ ರಿವಿಯೇರನ ಒಂಬತ್ತು ವರ್ಷದ ಅಂಕಿಯು ಅಧಿಕೃತವಾಗಿ ಅಳಿಯಿತು. ಸಿಂಪ್ಸನ್ನನ ಸಾವು, ಆಂಕ್ತೀಲನ ನಿರಾಕರಣೆ, ರಿವಿಯೇರನ ದಾಖಲೆಯ ಅಂತ್ಯ ಈ ಮೂರೂ ಒಂದೇ ವರ್ಷದಲ್ಲಿ ಕೂಡಿಬಂದುದು ಯುಗವೊಂದರ ಮುಕ್ತಾಯವನ್ನು ಸೂಚಿಸುತ್ತದೆ.

ದಾಖಲೆಗಳ ಪಟ್ಟಿಯಲ್ಲಿ ಇಂದಿಗೂ ರಿವಿಯೇರನ ಹೆಸರಿನ ಎದುರಿಗೆ ೪೭.೩೪೭ ಎಂಬ ಅಂಕಿಯಿದೆ. ಅದನ್ನು ಅಳಿಸಬೇಕಾಗಿಲ್ಲ, ಆ ದಿನ ಆ ಹಲಗೆಗಳ ಮೇಲೆ ಅಷ್ಟು ದೂರವನ್ನು ಅವನು ಸಾಗಿದ್ದು ನಿಜ. ಆದರೆ ಯಾವ ಲೆಕ್ಕದ ಪುಸ್ತಕವನ್ನೂ ಜಮೆಯ ಪುಟವೊಂದನ್ನೇ ಓದಿ ಮುಚ್ಚಲಾಗದು. ವಿಜಯಪುರ, ಬಾಗಲಕೋಟೆಗಳ ರಸ್ತೆಗಳಲ್ಲಿ ಮುಂಜಾನೆಯ ಚಳಿಯಲ್ಲಿ ಸೈಕಲ್ ತುಳಿಯುವ ಕನ್ನಡದ ಹುಡುಗ ಹುಡುಗಿಯರು ಇಂದು ದೇಶದ ಸ್ಪರ್ಧೆಗಳಲ್ಲಿ ಹೆಸರು ಮಾಡುತ್ತಿದ್ದಾರೆ. ಆಟದಿಂದ ನೌಕರಿಯೂ ನೌಕರಿಯಿಂದ ಮನೆಯೂ ನಡೆಯಬೇಕಾದ ಕುಟುಂಬಗಳಿಂದ ಬಂದವರು ಅವರಲ್ಲಿ ಬಹಳ. ಅವರಿಗೆ ತರಬೇತಿ ಕೊಡುವವರು ವಿಗೊರೆಲ್ಲಿಯ ಕಥೆಯನ್ನು ಹೇಳಿಕೊಡುವಾಗ ಪೆರ್ಜುರೆಯ ಕಥೆಯನ್ನೂ, ಬ್ರೇಕಿನ ಆರೋಪವನ್ನು ಹೊತ್ತ ಆ ಮೆಕ್ಯಾನಿಕನ ಕಥೆಯನ್ನೂ ಬಿಡದೆ ಹೇಳಿದರೆ, ರಿವಿಯೇರನು ತಡವಾಗಿಯಾದರೂ ನುಡಿದ ಸತ್ಯವು ಸಾರ್ಥಕವಾದೀತು.